ಖಾಲಿ ಡೋಲಿ

ಭಾವನಗರ
ಜುಲೈ 19

ಪೂಜ್ಯ ಸಾಧ್ವಿ ಹಿತದರ್ಶನಾಶ್ರೀಜಿ ಮಹಾರಾಜ್ ಸಾಹೇಬರಿಗೆ, ಗಾಂಠಿಯಾ ಅಂಗಡಿಯ ರಸಿಕಲಾಲ್ ದೋಶಿ ಮಾಡುವ ವಂದನೆಗಳು. ತಾವು ಸುಖವಾಗಿದ್ದೀರೆಂದು ನಂಬಿದ್ದೇನೆ.

ಇಷ್ಟು ಬರೆಯುವಷ್ಟರಲ್ಲಿ ಎರಡು ಹಾಳೆ ಹರಿದುಹಾಕಿದೆ. ನೀವು ಹುಟ್ಟಿದಂದಿನಿಂದ "ಏ ಹೇತೂ" ಎಂದು ಕೂಗಿದ ಬಾಯಿ ಇದು. ನೀವು ದೀಕ್ಷೆ ತೆಗೆದುಕೊಂಡು ಮೂರು ವರ್ಷವಾದರೂ "ಮಹಾರಾಜ್ ಸಾಹೇಬ್" ಎನ್ನುವಾಗ ನಾಲಿಗೆ ಎಡವುತ್ತದೆ. ನಿಮ್ಮ ಅಮ್ಮ, ಕ್ಷಮಿಸಿ, ಶ್ರಾವಿಕೆ ವಿಮಳಾ, ಪಕ್ಕದಲ್ಲೇ ಕೂತು ತಿದ್ದುತ್ತಿದ್ದಾಳೆ.

ವಿಷಯಕ್ಕೆ ಬರುತ್ತೇನೆ. ಫಾಲ್ಗುಣದಲ್ಲಿ ನಾವು ಪಾಲಿತಾಣಾಕ್ಕೆ ಬಂದಾಗ ನಿಮ್ಮ ಜೊತೆ ಶತ್ರುಂಜಯ ಬೆಟ್ಟ ಹತ್ತಿದೆವಲ್ಲ. "ಹತ್ತಿದೆವು" ಎನ್ನುವುದೇ ಸುಳ್ಳು. ಹತ್ತಿದ್ದು ನೀವು, ನನ್ನನ್ನು ಹೊತ್ತರು. ಬೆಟ್ಟದ ಬುಡದಲ್ಲಿ ಡೋಲಿಯವರು ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿದಾಗ ಮುಳ್ಳು ಓಡಿದ ಓಟ ಕಂಡು ಇಬ್ಬರು ಅಲ್ಲಿಂದಲೇ ಕಾಲುಕಿತ್ತರು. ಕೊನೆಗೆ ಡೋಲಿ ಹೊರುವ ಜೀವಾಭಾಯ್ ಎಲ್ಲಿಂದಲೋ ನಾಲ್ಕು ಹೆಗಲು ಹೊಂದಿಸಿದ. ಅರ್ಧ ದಾರಿಯಲ್ಲಿ ಡೋಲಿ ಇಳಿಸಿ, ಮುಖ ಒರೆಸಿಕೊಂಡು ಕೇಳಿದ: "ಶೇಠ್, ನಿಮ್ದು ಗಾಂಠಿಯಾ ಅಂಗಡೀನಾ?"

"ಹೌದು. ನಿಂಗೆ ಹೆಂಗೆ ಗೊತ್ತಾಯ್ತು?"

"ಹೊತ್ತವನಿಗೆ ಗೊತ್ತಾಗ್ದೆ ಇನ್ಯಾರಿಗೆ ಗೊತ್ತಾಗ್ಬೇಕು? ಮಾರಿದ್ದಕ್ಕಿಂತ ಒಳಗೆ ಹೋಗಿದ್ದೇ ಜಾಸ್ತಿ ಅನ್ಸುತ್ತೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ನೀವೂ ನಕ್ಕಿರಿ. ಬಿಳಿ ಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡು ತಡೆಯಲು ನೋಡಿದಿರಿ, ಆಗಲಿಲ್ಲ. ಮೂರು ವರ್ಷದ ಮೇಲೆ ಆ ನಗು ಕೇಳಿದೆ. ಅಷ್ಟರಲ್ಲಿ ಡೋಲಿಯವರು ನನ್ನನ್ನು ಎತ್ತಿಕೊಂಡು ಓಡಿದರು. ಕತ್ತು ತಿರುಗಿಸಿ ನೋಡಿದರೆ ನೀವು ಎಲ್ಲೋ ಕೆಳಗೆ, ಜನರ ನಡುವೆ ಒಂದು ಬಿಳಿ ಚುಕ್ಕೆ. ಹೇಳಬೇಕೆಂದುಕೊಂಡಿದ್ದ ಮಾತೆಲ್ಲ ನನ್ನ ಹೊಟ್ಟೆಯಲ್ಲೇ ಉಳಿಯಿತು. ಅಲ್ಲಿ ಜಾಗಕ್ಕೇನೂ ಕೊರತೆಯಿಲ್ಲ ಬಿಡಿ.

ನೀವು ತಂಗುವ ಉಪಾಶ್ರಯದಲ್ಲಿ ಸಾಧ್ವಿಯರ ಜೊತೆ ಗಂಡಸೊಬ್ಬನೇ ಕೂತು ಮಾತಾಡುವಂತಿಲ್ಲ, ಎರಡು ಮಾತಿಗೆ ನಾಲ್ಕು ಜನ ಸಾಕ್ಷಿ. ಬೆಟ್ಟದ ದಾರಿ ಹಾಗಲ್ಲ. ಅಲ್ಲಿ ಯಾರು ಯಾರ ಪಕ್ಕದಲ್ಲಾದರೂ ನಡೆಯಬಹುದು. ಈಗ ಕೇಳಿದರೆ, ಈ ಚಾತುರ್ಮಾಸ್ಯ ಮುಗಿದ ಕೂಡಲೇ ನಿಮ್ಮ ತಂಡ ಮಾರವಾಡದ ಕಡೆ ನಡೆದು, ಅಲ್ಲಿಂದ ಇನ್ನೂ ಮುಂದೆ ಹೋಗುತ್ತದಂತೆ. ಈ ಸೀಮೆಗೆ ಮತ್ತೆ ಯಾವಾಗ ಬರುತ್ತೀರೋ ಯಾರಿಗೂ ಗೊತ್ತಿಲ್ಲವಂತೆ. ನನಗೆ ಅರವತ್ತು ದಾಟಿತು.

ಅದಕ್ಕೇ ನಿಶ್ಚಯ ಮಾಡಿದ್ದೇನೆ. ಮಳೆಗಾಲಕ್ಕೆ ಮುಚ್ಚಿದ ಬೆಟ್ಟ ಕಾರ್ತಿಕ ಹುಣ್ಣಿಮೆಗೆ ತೆರೆದಾಗ, ನಿಮ್ಮ ಪಕ್ಕದಲ್ಲಿ ನನ್ನ ಕಾಲಮೇಲೆ ನಡೆದು ಹತ್ತುತ್ತೇನೆ. ಅಲ್ಲಿಯವರೆಗೆ ಪಾಲಿತಾಣಾಕ್ಕೆ ಬರುವುದಿಲ್ಲ, ನಿಮ್ಮ ಮುಖ ನೋಡುವುದಿಲ್ಲ ಎಂದು ದೇರಾಸರದಲ್ಲಿ ದೇವರ ಮುಂದೆ ಕೈಮುಗಿದು ಹರಕೆ ಹೊತ್ತು ಬಂದೆ. ವಿಮಳಾ ಹೇಳಿದಳು: "ಗಾಂಠಿಯಾ ಬಿಡ್ತೀನಿ ಅನ್ನೋ ಧೈರ್ಯ ಬರ್ಲಿಲ್ಲ ಅಲ್ವಾ, ಅದಕ್ಕೆ ಮಗಳನ್ನ ಬಿಟ್ರಿ."

ನನ್ನ ಕಷ್ಟ ನಿಮಗೆ ಅರ್ಥವಾಗಬೇಕು. ಬೆಳಗ್ಗೆ ಅಂಗಡಿಯಲ್ಲಿ ನಮ್ಮ ಭೀಖಾಭಾಯ್ ಮಣೆಯ ಮೇಲೆ ಕಡಲೆಹಿಟ್ಟನ್ನು ಅಂಗೈಯಲ್ಲಿ ಒತ್ತಿ ಉಜ್ಜಿ ಎಣ್ಣೆಗೆ ಬಿಡುತ್ತಾನೆ. ಅಜವಾನ, ಇಂಗು, ಕರಿಮೆಣಸಿನ ಘಮ ಬೀದಿಯ ತಿರುವಿನ ತನಕ ಹೋಗುತ್ತದೆ. ಮೇಲೆ ಬಂದ ಗಾಂಠಿಯಾ ಬಾಯಲ್ಲಿಟ್ಟರೆ

(ಉಳಿದದ್ದು ಮುಂದಿನ ಪುಟದಲ್ಲಿ.)

ತಮ್ಮ ಆಜ್ಞಾಧಾರಕ ಶ್ರಾವಕ,
ರಸಿಕಲಾಲ್


ಪಾಲಿತಾಣಾ
ಶ್ರಾವಣ ಶುದ್ಧ ಚೌತಿ

ಸುಶ್ರಾವಕ ರಸಿಕಲಾಲ್‌ಭಾಯ್ ಅವರಿಗೆ ಧರ್ಮಲಾಭ.

ನಿಮ್ಮ ಪತ್ರ ತಲುಪಿತು. ನಮಗೆ ಬಂದ ಪತ್ರಗಳನ್ನು ಮೊದಲು ನಮ್ಮ ಗುರುಣಿ ಗುಣಜ್ಞಾಶ್ರೀಜಿ ಓದುತ್ತಾರೆ. ಎರಡನೆಯ ಪುಟವಿಡೀ ಭೋಜನದ ವರ್ಣನೆ ಇತ್ತಂತೆ. ಊಟದ ಮಾತು, ರಾಜರ ಮಾತು, ಊರ ಮಾತು, ಇವೆಲ್ಲ ವಿಕಥೆ. ನಾವು ಆಡಲೂ ಬಾರದು, ಕೇಳಲೂ ಬಾರದು. ಆಡಿದರೆ ಪ್ರಾಯಶ್ಚಿತ್ತ ತೆಗೆದುಕೊಳ್ಳಬೇಕು. ಆದ್ದರಿಂದ ಆ ಪುಟ ನನ್ನ ಕೈಗೆ ಬರಲಿಲ್ಲ. ಗುರುಣೀಜಿ ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಇನ್ನು ಮುಂದೆ ಆ ಪದಾರ್ಥದ ಹೆಸರು ಬರೆಯಬೇಡಿ.

ನಿಮ್ಮ ಸಂಕಲ್ಪ ಒಳ್ಳೆಯದು. ಅದಕ್ಕೆ ಊನೋದರಿ ಎಂಬ ತಪಸ್ಸು ಇದೆ. ಹಸಿವು ಇನ್ನೂ ಸ್ವಲ್ಪ ಉಳಿದಿರುವಾಗಲೇ ಊಟದಿಂದ ಏಳುವುದು, ಅಷ್ಟೇ. ಇದನ್ನು ಮಾಡಿದವರಿಗೆ ಯಾರೂ ಮೆರವಣಿಗೆ ಮಾಡುವುದಿಲ್ಲ. ಹಾಗಾಗಿ ಮಾಡುವವರು ಕಡಿಮೆ. ನಡೆಯುವ ಅಭ್ಯಾಸಕ್ಕೆ ತಖ್ತೇಶ್ವರದ ಗುಡ್ಡ ನಿಮ್ಮ ಮನೆಗೆ ಹತ್ತಿರವೇ ಇದೆ.

ಹುಣ್ಣಿಮೆಯ ದಿನ ನಾನು ನಿಧಾನವಾಗಿ ನಡೆಯುತ್ತೇನೆ.

ಸಾಧ್ವಿ ಹಿತದರ್ಶನಾಶ್ರೀ


ಭಾವನಗರ
ಆಗಸ್ಟ್ 13

ಪೂಜ್ಯ ಮಹಾರಾಜ್ ಸಾಹೇಬರಿಗೂ, ಈ ಪತ್ರವನ್ನು ಮೊದಲು ಓದುವ ಪೂಜ್ಯ ಗುರುಣೀಜಿಯವರಿಗೂ ವಂದನೆಗಳು.

ಆಜ್ಞೆಯಂತೆ ಇನ್ನು ಆ ಪದಾರ್ಥವನ್ನು "ಆ ವಸ್ತು" ಎಂದಷ್ಟೇ ಬರೆಯುತ್ತೇನೆ.

ಅಂಗಡಿಯ ದೊಡ್ಡ ತಕ್ಕಡಿಯಲ್ಲಿ ತೂಗಿಸಿಕೊಂಡೆ. ಕಿಲೋ ಬರೆಯಲು ನಾಚಿಕೆ. ಒಂದು ತಟ್ಟೆಯಲ್ಲಿ ನಾನು, ಇನ್ನೊಂದರಲ್ಲಿ ಎರಡು ಮೂಟೆ ಕಡಲೆಹಿಟ್ಟು. ನಾನೇ ಕೆಳಗಿದ್ದೆ. ಆ ಕಡೆ ಒಂದು ತುಂಬಿದ ಎಣ್ಣೆ ಡಬ್ಬಿ ಇಟ್ಟ ಮೇಲೆ ತಕ್ಕಡಿ ಸಮನಾಯಿತು. ಭೀಖಾಭಾಯ್ ಮಾತ್ರ ತುಂಬ ಗಂಭೀರವಾಗಿ, "ಇದಕ್ಕೆ ಉಪ್ಪು, ಅಜವಾನ ಒಂದು ಹಾಕಿದ್ರೆ ನಾಳೆ ವ್ಯಾಪಾರಕ್ಕೆ ಸಾಕು ಶೇಠ್" ಅಂದ.

ಮೊದಲ ದಿನ ತಖ್ತೇಶ್ವರದ ಬುಡಕ್ಕೆ ಹೋಗಿ, ಬೂಟಿನ ದಾರ ಕಟ್ಟಲು ಬಗ್ಗಿ, ಅಷ್ಟಕ್ಕೇ ಸುಸ್ತಾಗಿ ರಿಕ್ಷಾದಲ್ಲಿ ವಾಪಸ್ ಬಂದೆ. ಮರುದಿನ ವಿಮಳಾ ಚಪ್ಪಲಿ ಕೊಟ್ಟಳು. ಈಗ ದಿನಾ ಹೋಗುತ್ತೇವೆ. ಅವಳ ಮಂಡಿ ನೋವು, ಮೆಟ್ಟಿಲು ಹತ್ತುವುದಿಲ್ಲ. ಕೆಳಗೆ ಕಲ್ಲುಬೆಂಚಿನ ಮೇಲೆ ಕೂತು ಪೊಲೀಸಿನವಳ ಹಾಗೆ ಕಾಯುತ್ತಾಳೆ. ನಾನು ಅರ್ಧಕ್ಕೆ ನಿಂತರೆ ಕೆಳಗಿನಿಂದ, "ರೀ, ಫೋಟೋಗೆ ನಿಂತಿದೀರಾ?" ಎಂದು ಕೂಗುತ್ತಾಳೆ. ಬೆಳಗಿನ ವಾಯುವಿಹಾರದವರೆಲ್ಲ ಈಗ ನನ್ನನ್ನು ನೋಡಿದರೆ ಸಾಕು, "ಫೋಟೋ ಆಯ್ತಾ ರಸಿಕ್‌ಭಾಯ್?" ಅನ್ನುತ್ತಾರೆ.

ಇಷ್ಟು ನಡೆದರೂ ತಕ್ಕಡಿ ಅಲ್ಲಾಡಲಿಲ್ಲ. ಯಾಕೆಂದು ತಿಳಿಯದೆ ತಲೆಕೆಟ್ಟಿತು. ವಿಮಳಾ ಒಂದು ಬೆಳಗ್ಗೆ ಅಂಗಡಿಗೆ ಬಂದು, ಸ್ಟೂಲು ಎಳೆದುಕೊಂಡು, ಮಡಿಲಲ್ಲಿ ಖಾಲಿ ತಟ್ಟೆ ಇಟ್ಟುಕೊಂಡು ಕೂತಳು. ನಾನು ರುಚಿ ನೋಡಲು ಆ ವಸ್ತುವಿನ ಒಂದು ತುಂಡು ಬಾಯಿಗೆ ಹಾಕಿಕೊಂಡಾಗಲೆಲ್ಲ ಅವಳೂ ಒಂದು ತುಂಡು ತಟ್ಟೆಗೆ ಹಾಕಿದಳು.  ಮಧ್ಯಾಹ್ನದ ಹೊತ್ತಿಗೆ ಆ ತಟ್ಟೆ ನನ್ನ ಮುಂದಿಟ್ಟಳು. ಗೋಪುರ! ಗಿರಾಕಿಯೊಬ್ಬ ಬೆಲೆ ಕೇಳಿದ. "ಇದು ಮಾರೋಕಲ್ಲಪ್ಪ, ಇದು ಶೇಠ್ ಇವತ್ತು 'ಏನೂ ತಿಂದಿಲ್ಲ' ಅಂದ್ರಲ್ಲ, ಅದು" ಅಂದಳು.

ರುಚಿ ನೋಡುವ ಕೆಲಸ ಈಗ ವಿಮಳಾಳದ್ದು. ಆದರೆ ಹೀಗೆ ಇಂಚಿಂಚು ಇಳಿದರೆ ಹುಣ್ಣಿಮೆ ಬಂದುಬಿಡುತ್ತದೆ. ಪರ್ಯೂಷಣ ಪರ್ವ ಹತ್ತಿರ ಬಂತು. ಈ ಸಲ ನಾನು ಅಠಾಯಿ ಮಾಡುತ್ತೇನೆ. ಎಂಟು ದಿನ ಬರೀ ಕಾಯಿಸಿದ ನೀರು. ತೂಕವೂ ಇಳಿಯಿತು, ಪುಣ್ಯವೂ ಬಂತು. ಹೇಗಿದೆ ಯೋಚನೆ?

ರಸಿಕಲಾಲ್


ಪಾಲಿತಾಣಾ
ಶ್ರಾವಣ ಬಹುಳ ಪಂಚಮಿ

ಧರ್ಮಲಾಭ.

ಅಠಾಯಿ ದೊಡ್ಡ ತಪಸ್ಸು. ಆತ್ಮಕ್ಕಾಗಿ ಮಾಡಿದರೆ ಅನುಮೋದನೆ. ತಕ್ಕಡಿಗಾಗಿ ಮಾಡುವುದಾದರೆ ಯೋಚಿಸಿ. ತಕ್ಕಡಿಗೆ ಜ್ಞಾಪಕಶಕ್ತಿ ಕಡಿಮೆ, ಪಾರಣೆಯಾದ ಮರುವಾರವೇ ಮರೆತುಬಿಡುತ್ತದೆ.

ನಿಮಗೆ ಉಪವಾಸ ಸುಲಭ ಎಂದು ನನಗೆ ಗೊತ್ತು. ಉಪವಾಸದಲ್ಲಿ ಒಂದೇ ಸಲ ಬೇಡ ಎಂದರೆ ಮುಗಿಯಿತು. ಊನೋದರಿಯಲ್ಲಿ ಪ್ರತಿ ಊಟದಲ್ಲೂ, ಬಾಯಿ ಇನ್ನೂ ಬೇಕು ಎನ್ನುತ್ತಿರುವಾಗಲೇ ಬೇಡ ಎನ್ನಬೇಕು.

ಗುರುಣೀಜಿ ಪತ್ರವನ್ನು ಎರಡು ಸಲ ಓದಿದರು. ಅವರೂ ಪೂರ್ವಾಶ್ರಮದಲ್ಲಿ ನಿಮ್ಮ ಭಾವನಗರದವರೇ, ವೋರಾ ಬಜಾರಿನ ಮನೆ. ಅಲ್ಲಿಂದ ಹೊರಟು ನಲವತ್ತು ವರ್ಷ ದಾಟಿತು. ಡಾಕ್ಟರನ್ನು ಕೇಳದೆ ಉಪವಾಸ ಹಿಡಿಯಬಾರದೆಂದು ನಿಮಗೆ ತಿಳಿಸಲು ಹೇಳಿದ್ದಾರೆ.

ಹಿತದರ್ಶನಾಶ್ರೀ


ಭಾವನಗರ
ಸೆಪ್ಟೆಂಬರ್ 18

ಪೂಜ್ಯ ಮಹಾರಾಜ್ ಸಾಹೇಬ್,

ಡಾಕ್ಟರ್ ಒಪ್ಪಿದ್ದರು. ಅಠಾಯಿ ಮಾಡಿದೆ. ಎಂಟನೆಯ ದಿನ ಬ್ಯಾಂಡು ಬಾರಿಸಿ, ಹಾರ ಹಾಕಿ, ಕುದುರೆಗಾಡಿಯಲ್ಲಿ ಕೂರಿಸಿ ಬೀದಿಯೆಲ್ಲ ಮೆರವಣಿಗೆ ಮಾಡಿದರು. ಕುದುರೆ ಮಾತ್ರ ಒಮ್ಮೆ ಹಿಂತಿರುಗಿ ನೋಡಿತು. ತಕ್ಕಡಿಯಲ್ಲಿ ಎಣ್ಣೆ ಡಬ್ಬಿ ಅರ್ಧ ಖಾಲಿಯಾಗಿತ್ತು. ಆವತ್ತು ನಾನೇ ರಾಜ.

ಆಮೇಲಿನದನ್ನು ಹೇಗೆ ಬರೆಯಲಿ. ನಮ್ಮ ಜನ ನಿಮಗೆ ಗೊತ್ತೇ ಇದ್ದಾರೆ. ತಪಸ್ವಿಗೆ ಬಡಿಸಿದರೆ ಬಡಿಸಿದವರಿಗೂ ಪುಣ್ಯ. ಆ ಪುಣ್ಯ ಸಂಪಾದಿಸಲು ಇಡೀ ಸಂಘ ನನ್ನ ಹೊಟ್ಟೆಯನ್ನೇ ಹಿಡಿದುಕೊಂಡಿತು. ಇವತ್ತು ಮಾವನ ಮಗನ ಮನೆ, ನಾಳೆ ಬೀಗರ ಮನೆ, ನಾಡಿದ್ದು ಯಾರೋ ಮೆರವಣಿಗೆಯಲ್ಲಿ ಹಾರ ಹಾಕಿದವರ ಮನೆ. ಬೇಡ ಎಂದರೆ, "ನನ್ನಾಣೆ ರಸಿಕ್‌ಭಾಯ್, ತಪಸ್ಸು ಮಾಡಿ ಸೊರಗಿದೀರ" ಅನ್ನುತ್ತಾರೆ. ಸೊರಗಿದ್ದು ಎಲ್ಲಿ ಎಂದು ನಾನೂ ಹುಡುಕಿದೆ. ನಮ್ಮಲ್ಲಿ ತಟ್ಟೆಗೆ ಬಿದ್ದದ್ದನ್ನು ಬಿಡುವಂತಿಲ್ಲವಲ್ಲ. ಅವರು ಹಾಕಿದರು, ನಾನು ತಿಂದೆ.

ನಿನ್ನೆ ತೂಗಿಸಿಕೊಂಡೆ. ಎಣ್ಣೆ ಡಬ್ಬಿ ಮತ್ತೆ ತುಂಬಿದೆ. ಅದರ ಮೇಲೆ ಒಂದು ತುಪ್ಪದ ಡಬ್ಬಿಯೂ ಬೇಕಾಯಿತು. ಭೀಖಾಭಾಯ್ ಕೂಡ ತಮಾಷೆ ಮಾಡಲಿಲ್ಲ. ಅವನು ತಮಾಷೆ ಮಾಡದೆ ಇದ್ದದ್ದಕ್ಕೇ ನನಗೆ ಹೆಚ್ಚು ನೋವಾಯಿತು.

ವಿಮಳಾ ಬಂದು ನಿಮ್ಮನ್ನು ನೋಡಿಕೊಂಡು ಹೋಗುತ್ತಾಳೆ. ನಾನು ಅವಳನ್ನು ಬಸ್ ಹತ್ತಿಸಿ, ಬಸ್ಸು ಪಾಲಿತಾಣಾ ರಸ್ತೆಗೆ ತಿರುಗುವವರೆಗೂ ನಿಂತಿದ್ದು ಮನೆಗೆ ಬರುತ್ತೇನೆ. ವಾಪಸ್ ಬಂದ ಮೇಲೆ, "ಹೇಗಿದಾರೆ?" ಅನ್ನುತ್ತೇನೆ. "ಚೆನ್ನಾಗಿದಾರೆ" ಅನ್ನುತ್ತಾಳೆ. 

ನನ್ನಿಂದ ಆಗುವುದಿಲ್ಲ. ಜೀವಾಭಾಯ್ ಕಂಡರೆ ಹುಣ್ಣಿಮೆಗೆ ಡೋಲಿ ಇಟ್ಟಿರಲು ಹೇಳಿ. ಹೆಗಲು ಈ ಸಲ ಐದು ಬೇಕಾಗಬಹುದು.

ರಸಿಕಲಾಲ್


ಪಾಲಿತಾಣಾ
ಭಾದ್ರಪದ ಬಹುಳ ದಶಮಿ

ಧರ್ಮಲಾಭ.

ಜೀವಾಭಾಯ್ ಉಪಾಶ್ರಯದ ಬಾಗಿಲಲ್ಲಿ ಸಿಕ್ಕಿದ್ದರು. ಬೆಟ್ಟ ಮುಚ್ಚಿರುವ ಕಾಲದಲ್ಲಿ ಹೊಲದ ಕೆಲಸಕ್ಕೆ ಹೋಗುತ್ತಾರಂತೆ. "ಗಾಂಠಿಯಾ ಶೇಠ್ ಬರ್ತಾರಾ?" ಎಂದು ಅವರೇ ಕೇಳಿದರು. ಬರುತ್ತಾರೆ ಎಂದೆ. ಡೋಲಿಯ ವಿಷಯ ಹೇಳಲಿಲ್ಲ. ಅದನ್ನು ಹೇಳುವುದು ಸಾಧ್ವಿಯ ಕೆಲಸವಲ್ಲ.

ಕಳೆದ ಜೀವನದ ಮಾತು ನಾವು ಆಡಬಾರದು. ಆದ್ದರಿಂದ ಇದು ನನಗೆ ಗೊತ್ತಿದ್ದ ಯಾವುದೋ ಹುಡುಗಿಯ ವಿಷಯ. ಅವಳಿಗೆ ಸೋರೆಕಾಯಿ ಪಲ್ಯ ಆಗುತ್ತಿರಲಿಲ್ಲ. ಅವಳ ತಾಯಿ ಇನ್ನೊಂದು ಸೌಟು ಬಡಿಸದೆ ಬಿಡುತ್ತಿರಲಿಲ್ಲ. ಊಟವಾದ ಮೇಲೆ ಒಂದು ಕಾಳೂ ಉಳಿಯಬಾರದೆಂದು ತಟ್ಟೆಯನ್ನು ನೀರಿನಿಂದ ತೊಳೆದು ಆ ನೀರನ್ನು ಕುಡಿಯುವ ಪದ್ಧತಿ ಇದೆಯಲ್ಲ. ತೊಳೆದು ಕುಡಿದ ತಟ್ಟೆಗೆ ಮತ್ತೆ ಬಡಿಸುವಂತಿಲ್ಲ. ಆ ಹುಡುಗಿ ಏನು ಮಾಡುತ್ತಿದ್ದಳೆಂದರೆ, ತಾಯಿ ಒಲೆಯ ಕಡೆ ತಿರುಗಿದ ಕೂಡಲೇ ತಟ್ಟೆಗೆ ನೀರು ಸುರಿದು, ಬೆರಳಿಂದ ತೊಳೆದು, ಗಟಗಟ ಕುಡಿದುಬಿಡುತ್ತಿದ್ದಳು. ತಾಯಿ ಸೌಟು ಹಿಡಿದು ತಿರುಗುವಷ್ಟರಲ್ಲಿ ತಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವಳ ತಂದೆ ಎದುರಿಗೆ ಕೂತು ನಗುತ್ತಿದ್ದರು.

ಆ ತಂದೆಗೆ ಇದು ಮರೆತಿರಲಾರದು.

ಹಿತದರ್ಶನಾಶ್ರೀ


ಭಾವನಗರ
ಅಕ್ಟೋಬರ್ 21

ಪೂಜ್ಯ ಮಹಾರಾಜ್ ಸಾಹೇಬರಿಗೆ ನೂರೆಂಟು ವಂದನೆಗಳು!

ನಿಮ್ಮ ಪತ್ರ ಬಂದ ದಿನವೇ ಪರೀಕ್ಷೆ ಮಾಡಿದೆ. ಬೀಗರ ಮನೆಯಲ್ಲಿ ಊಟ. ಎರಡು ರೊಟ್ಲಿ, ಸ್ವಲ್ಪ ದಾಳ್, ಒಂದು ಪಲ್ಯ. ಹೊಟ್ಟೆ ಆಗಷ್ಟೇ "ಈಗ ಶುರು ಮಾಡೋಣ" ಅನ್ನುತ್ತಿತ್ತು. ಬೀಗಿತ್ತಿ ಪೂರಿ ತರಲು ಒಳಗೆ ಹೋದರು. ನೀರು ಸುರಿದೆ, ತೊಳೆದೆ, ಕುಡಿದೆ! ಪೂರಿ ಹಿಡಿದು ಬಂದ ಅವರ ಮುಖ ನೀವು ನೋಡಬೇಕಿತ್ತು. "ಅಯ್ಯೋ, ಇದೇನು ಅನ್ಯಾಯ!" ಅಂದರು. "ಕೈ ಮೀರಿಹೋಯ್ತು ಬೀಗಿತ್ತಿ, ತಟ್ಟೆ ತೊಳೆದಾಯ್ತು" ಎಂದು ಕೈಮುಗಿದೆ. ಆಣೆ ಹಾಕಲು ಜಾಗವೇ ಉಳಿಯಲಿಲ್ಲ. ಈಗ ಊರಲ್ಲೆಲ್ಲ ನನ್ನ ಕೈಗೆ ನೀರಿನ ಲೋಟ ಸಿಗದ ಹಾಗೆ ದೂರ ಇಡುತ್ತಾರೆ. ನಾನು ಮನೆಯಿಂದಲೇ ಬಾಟಲಿ ತೆಗೆದುಕೊಂಡು ಹೋಗುತ್ತೇನೆ.

ಮೊದಲ ವಾರ ಹಸಿವಿಗೆ ವಿಮಳಾಳ ಮೇಲೆ ಸಿಕ್ಕಾಪಟ್ಟೆ ರೇಗಿದೆ. "ನಿಮ್ಮ ತಪಸ್ಸು ನೀವು ಮಾಡಿ, ನನ್ನ ಕೈಲಿ ಯಾಕೆ ಮಾಡಿಸ್ತೀರಾ?" ಅಂದಳು. ಆಮೇಲೆ ಹಸಿವಿನ ಜೊತೆ ರಾಜಿಯಾಯಿತು. ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುತ್ತೇನೆ. ಅಂಗಡಿ ಮುಚ್ಚುವ ಮುಂಚಿನ "ಸ್ವಲ್ಪ ಏನಾದ್ರೂ" ನಿಂತಿತು. ಬೆಳಗ್ಗೆ ತಖ್ತೇಶ್ವರ ಗುಡ್ಡವನ್ನು ಹತ್ತಿ ಇಳಿದು ಮತ್ತೆ ಹತ್ತುತ್ತೇನೆ. ಮೇಲೆ ನಿಂತರೆ ಊರೆಲ್ಲ ಕಾಣುತ್ತದೆ, ಆಚೆಗೆ ಸಮುದ್ರದ ಹಿನ್ನೀರಿನ ಹೊಳಪು. ಅರವತ್ತು ವರ್ಷ ಇದೇ ಊರಲ್ಲಿದ್ದು ಇದನ್ನು ಈಗ ನೋಡುತ್ತಿದ್ದೇನೆ. ವಿಮಳಾ ಕೆಳಗಿನಿಂದ, "ಈಗ ನಿಜವಾಗ್ಲೂ ಫೋಟೋ ತೆಗಿಸ್ಕೋಬಹುದು" ಎಂದು ಕೂಗಿದಳು.

ತಕ್ಕಡಿಯಿಂದ ಎಣ್ಣೆ ಡಬ್ಬಿ ಇಳಿಯಿತು! ಬರೀ ಎರಡು ಮೂಟೆಗೆ ಸಮ ನಿಂತೆ. ಭೀಖಾಭಾಯ್ ಬೀದಿಗೆಲ್ಲ ಆ ವಸ್ತುವನ್ನು ಪುಕ್ಕಟೆ ಹಂಚಿಬಿಟ್ಟ, ನನ್ನನ್ನು ಕೇಳದೆ.

ಒಂದೇ ತಾಪತ್ರಯ. ನನ್ನ ಹೊಟ್ಟೆಯೇ ಅಂಗಡಿಯ ಬೋರ್ಡು ಆಗಿತ್ತು ಅಂತ ಈಗ ತಿಳಿಯಿತು. ಎದುರು ಅಂಗಡಿ ಮನ್ಸುಖ ಇದ್ದಾನಲ್ಲ, ಬಂದ ಗಿರಾಕಿಗೆಲ್ಲ, "ಪಾಪ, ರಸಿಕ್‌ಭಾಯ್‌ಗೆ ಏನೋ ದೊಡ್ಡ ಕಾಯಿಲೆಯಂತೆ" ಅಂತಿದ್ದಾನೆ. ಇನ್ನೊಬ್ಬನಿಗೆ, "ತನ್ನ ಅಂಗಡೀದು ತಾನೇ ತಿನ್ನಲ್ಲ ನೋಡಿ" ಅಂದನಂತೆ. ಹಳೆಯ ಗಿರಾಕಿಗಳು ಬಂದು ಧ್ವನಿ ತಗ್ಗಿಸಿ ಆರೋಗ್ಯ ವಿಚಾರಿಸುತ್ತಾರೆ. ನಾನು ಪ್ಯಾಂಟಿನ ಸೊಂಟ ಹಿಡಿದು ಎಳೆದು ತೋರಿಸುತ್ತೇನೆ, ಒಳಗೆ ಒಂದು ಸಣ್ಣ ಹುಡುಗನನ್ನು ಕೂರಿಸಬಹುದು. ಮನ್ಸುಖನಿಗೆ ಉತ್ತರ ಕೊಡಬೇಕು, ಇರಲಿ, ಬೆಟ್ಟ ಹತ್ತಿ ಬಂದ ಮೇಲೆ ಕೊಡುತ್ತೇನೆ.

ದಾರಿಯಲ್ಲಿ ನಿಮಗೆ ಹೇಳಬೇಕಾದ ಮಾತುಗಳನ್ನು ಮೆಟ್ಟಿಲು ಹತ್ತುವಾಗ ಅಭ್ಯಾಸ ಮಾಡುತ್ತಿದ್ದೇನೆ. ನೀವು ದೀಕ್ಷೆ ಕೇಳಿದ ದಿನ ನಾನು ಯಾಕೆ ಊಟ ಬಿಟ್ಟು ಎದ್ದುಹೋದೆ. ಆಮೇಲೆ ಯಾಕೆ ಹೂಂ ಅಂದೆ. ದೀಕ್ಷೆಯ ಮೆರವಣಿಗೆಯಲ್ಲಿ ಯಾಕೆ ಎಲ್ಲರಿಗಿಂತ ಜೋರಾಗಿ ಕುಣಿದೆ. ಇದೆಲ್ಲ ಪತ್ರದಲ್ಲಿ ಬರೆಯುವುದಲ್ಲ, ಪಕ್ಕದಲ್ಲಿ ನಡೆಯುತ್ತಾ ಹೇಳುವುದು. ಹುಣ್ಣಿಮೆಗೆ ಬರುತ್ತೇನೆ. ನನ್ನ ಕಾಲಮೇಲೆ.

ರಸಿಕಲಾಲ್


ಪಾಲಿತಾಣಾ, ಧರ್ಮಶಾಲೆ
ನವೆಂಬರ್ 13, ಬೆಳಗ್ಗೆ

ಪೂಜ್ಯ ಮಹಾರಾಜ್ ಸಾಹೇಬರಿಗೆ ವಿಮಳಾ ಮಾಡುವ ವಂದನೆ.

ಈಗ ನೀವೆಲ್ಲ ಊರಿಂದೂರಿಗೆ ಕಾಲ್ನಡಿಗೆಯ ವಿಹಾರಕ್ಕೆ ಹೊರಡುತ್ತೀರಿ. ಬೀಳ್ಕೊಡಲು ಬಂದ ಜನದ ನಡುವೆ ಕೇಳಲು ಆಗುವುದಿಲ್ಲ, ಅದಕ್ಕೇ ಈ ಚೀಟಿಯನ್ನು ನಿಮ್ಮ ಜೊತೆಯ ಸಾಧ್ವೀಜಿಯ ಕೈಯಲ್ಲಿ ಕೊಡುತ್ತಿದ್ದೇನೆ.

ನಿನ್ನೆ ನಾನು ಮಂಡಿ ಹಿಡಿದುಕೊಂಡು ಬೆಟ್ಟದ ಬುಡದಲ್ಲೇ ಕೂತಿದ್ದೆ. ಇವರು ಮೇಲೆ ಹೋದದ್ದು ನೋಡಿದೆ. ಹಿಂದೆಯೇ ಜೀವಾಭಾಯಿಯೂ ಅವನ ಜೊತೆಯವನೂ ಖಾಲಿ ಡೋಲಿ ಹೊತ್ತು ಹೋದದ್ದನ್ನೂ ನೋಡಿದೆ. "ಯಾಕಪ್ಪಾ?" ಎಂದೆ. "ಅರ್ಧ ದಾರೀಲಿ ಶೇಠ್ ಕೂಗ್ತಾರೆ, ಆಗ ಕೆಳಗಿಂದ ಯಾರು ಓಡ್ಬೇಕು?" ಅಂದ. ಇವರು ಇಳಿದು ಬಂದಾಗ ಡೋಲಿ ಖಾಲಿಯೇ ಇತ್ತು. ನನಗೆ ಅಳು ಬಂತು, ಹೇಳುವುದಕ್ಕೇನು.

ಆದರೆ ಅಲ್ಲಿ ಏನಾಯಿತೆಂದು ಇವರು ಬಾಯಿ ಬಿಡುತ್ತಿಲ್ಲ. "ಎಲ್ಲ ಮಾತೂ ಹೇಳಿದ್ರಾ?" ಅಂದರೆ ತಲೆ ಅಲ್ಲಾಡಿಸುತ್ತಾರೆ. ಹೌದೋ ಅಲ್ಲವೋ ತಿಳಿಯುವುದಿಲ್ಲ. ಮಲಗಿದಲ್ಲೇ ನಗುತ್ತಾರೆ. ಇಷ್ಟು ದಿನ ಮೆಟ್ಟಿಲು ಮೆಟ್ಟಿಲಿಗೂ ಒಬ್ಬರೇ ಮಾತಾಡಿಕೊಂಡು ಅಭ್ಯಾಸ ಮಾಡಿದ ಮನುಷ್ಯ. ಏನು ಹೇಳಿದರು ನಿಮಗೆ? ಹೇಳಬಾರದ್ದಾದರೆ ಬೇಡ. ಹೇಳಬಹುದಾದರೆ ಒಂದು ಸಾಲು ಬರೆಯಿರಿ.

ಬರಿಗಾಲಲ್ಲಿ ನಡೆಯುವಾಗ ಮುಳ್ಳು ನೋಡಿಕೊಂಡು ನಡೆಯಿರಿ.

ವಿಮಳಾ


ವಿಹಾರದ ದಾರಿಯಲ್ಲಿ
ಕಾರ್ತಿಕ ಬಹುಳ ಚೌತಿ

ಸುಶ್ರಾವಿಕೆ ವಿಮಳಾಬೇನ್ ಅವರಿಗೆ ಧರ್ಮಲಾಭ.

ನಿಮ್ಮ ಚೀಟಿ ತಲುಪಿತು. ಈ ಹಳ್ಳಿಯ ಶಾಲೆಯಲ್ಲಿ ತಂಗಿದ್ದೇವೆ. ಒಂದು ಸಾಲು ಬರೆಯಿರಿ ಎಂದಿದ್ದೀರಿ, ಒಂದು ಸಾಲಲ್ಲಿ ಆಗುವುದಿಲ್ಲ.

ರಸಿಕಲಾಲ್‌ಭಾಯ್ ನನಗೆ ಏನೂ ಹೇಳಲಿಲ್ಲ. ಹೇಳಲು ಅವರಲ್ಲಿ ಉಸಿರೇ ಇರಲಿಲ್ಲ. ಆರಂಭದಲ್ಲಿ, "ಮಹಾರಾಜ್ ಸಾಹೇಬ್, ಆ ದಿನ ನಾನು..." ಎಂದು ಶುರುಮಾಡಿದರು. ಎರಡು ಮೆಟ್ಟಿಲು ಹತ್ತಿ ಮತ್ತೆ, "ಆ ದಿನ..." ಎಂದರು. ಆಮೇಲೆ ಬಾಯಿ ತೆರೆದದ್ದು ಗಾಳಿಗೆ ಮಾತ್ರ. ತಖ್ತೇಶ್ವರದ ಗುಡ್ಡ ಎಲ್ಲಿ, ಈ ಬೆಟ್ಟ ಎಲ್ಲಿ! ಆದರೂ ನಿಲ್ಲಲಿಲ್ಲ. ನಾನು ಪಕ್ಕದಲ್ಲೇ ನಡೆದೆ, ಹಿಂದೆ ನನ್ನ ಜೊತೆಯ ಇಬ್ಬರು ಸಾಧ್ವಿಯರು, ಅವರ ಹಿಂದೆ ಖಾಲಿ ಡೋಲಿ.

ಅರ್ಧ ದಾಟಿದ ಮೇಲೆ ಒಂದು ಕಡಿದಾದ ಏರು ಇದೆ. ಅಲ್ಲಿ ಅವರು ಕೂತುಬಿಟ್ಟರು. ಮುಖ ಕೆಂಪಗಾಗಿತ್ತು. ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಏಳಲು ನೋಡಿದರು, ಆಗಲಿಲ್ಲ. ಅಭ್ಯಾಸಬಲದಿಂದ ನನ್ನ ಕಡೆ ಕೈ ಚಾಚಿದರು. ಚಾಚಿದ ಮೇಲೆ ನೆನಪಾಯಿತು. ಸಾಧ್ವಿ ಗಂಡಸರನ್ನು ಮುಟ್ಟುವಂತಿಲ್ಲ, ತಂದೆಯಾಗಿದ್ದವರನ್ನೂ. ಕೈ ಹಿಂದಕ್ಕೆ ತೆಗೆದುಕೊಂಡು, ಏನೂ ಆಗಿಲ್ಲವೆಂಬಂತೆ ಅದೇ ಕೈಯಲ್ಲಿ ಹಣೆ ಒರೆಸಿಕೊಂಡರು. ಜೀವಾಭಾಯ್ ಏನೂ ಕೇಳದೆ ಡೋಲಿ ತಂದು ಪಕ್ಕದಲ್ಲಿ ಇಳಿಸಿದರು. ಅವರು ಡೋಲಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

ನಾನು ಕೈ ಹಿಡಿದು ಎಬ್ಬಿಸುವಂತಿಲ್ಲ. ಅದಕ್ಕೇ ಬಾಯಿ ಬಿಟ್ಟೆ.

ಮಳೆಗಾಲದಲ್ಲಿ ಭಾವನಗರದ ಒಬ್ಬ ಯಾತ್ರಿಕರು ಉಪಾಶ್ರಯದಲ್ಲಿ ಹೇಳುತ್ತಿದ್ದದ್ದು ಕಿವಿಗೆ ಬಿದ್ದಿತ್ತು. ಸುಳ್ಳು ಹೇಳುವಂತಿಲ್ಲವಲ್ಲ, ಕೇಳಿದ್ದನ್ನಷ್ಟೇ ಹೇಳಿದೆ. "ಈಗೀಗ ಮನ್ಸುಖ್‌ಭಾಯ್ ಗಾಂಠಿಯಾನೇ ಹೆಚ್ಚು ಮೃದು ಅಂತೆ. ನಿಮ್ಮದು ಸ್ವಲ್ಪ ಗಟ್ಟಿ ಆಗಿದೆಯಂತೆ."

ಇಷ್ಟು ಹೇಳಿ ಮುಂದಕ್ಕೆ ನಡೆದೆ.

ಹಿಂದೆ ಸದ್ದಾಯಿತು. ತಿರುಗಿ ನೋಡಿದರೆ ಎದ್ದುನಿಂತಿದ್ದರು! ಒಂದು ಬೆರಳು ಮೇಲೆತ್ತಿದ್ದರು, ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಉತ್ತರ ಕೊಡಬೇಕಾದರೆ ನನ್ನ ಹತ್ತಿರ ಬರಬೇಕು. ಬಂದರು. ಅವರು ಹತ್ತಿರ ಬರುವಷ್ಟರಲ್ಲಿ ನಾನು ಮುಂದೆ ಹೋಗಿರುತ್ತಿದ್ದೆ. ಅಜವಾನ ಮೊದಲಿನಷ್ಟು ಘಮ ಇಲ್ಲವಂತೆ ಎಂದೆ. ಇನ್ನಷ್ಟು ಹತ್ತಿದರು. ಆಮೇಲೆ ನನಗೇ ನಿಲ್ಲಿಸಲು ಆಗಲಿಲ್ಲ. ಬೆಳಗ್ಗೆ ಅಂಗಡಿಯ ಬಾಗಿಲು ತೆರೆದ ಕೂಡಲೇ ಬರುತ್ತಿದ್ದ ಇಂಗಿನ ವಾಸನೆ, ಭೀಖಾಭಾಯ್ ಅಂಗೈಯಿಂದ ಹಿಟ್ಟು ಉಜ್ಜುವ ಸದ್ದು, ಶಾಲೆಗೆ ಹೋಗುವ ಮುಂಚೆ ಕಾಗದದ ಪೊಟ್ಟಣದಲ್ಲಿ ಸಿಗುತ್ತಿದ್ದ ಬಿಸಿ ಗಾಂಠಿಯಾ, ಅದರ ಜೊತೆ ಹಸಿ ಪಪ್ಪಾಯಿ ತುರಿದು ಮಾಡಿದ ಸಂಭಾರೋ, ಕರಿದ ಮೆಣಸಿನಕಾಯಿ. ದೀಕ್ಷೆ ತೆಗೆದುಕೊಂಡ ಮೇಲೆ ನಾನು ಒಂದೇ ದಿನ ಅಷ್ಟು ಮಾತಾಡಿದ್ದು ಇಲ್ಲ. ಹಿಂದಿನ ಸಾಧ್ವಿಯರು ಕಿವಿ ಮುಚ್ಚಿಕೊಂಡಿದ್ದರು, ಅಷ್ಟು ಬಿಗಿಯಾಗೇನೂ ಅಲ್ಲ. ಜೀವಾಭಾಯ್, "ಮಹಾರಾಜ್, ಸ್ವಲ್ಪ ಮೆಲ್ಲಗೆ ಹೇಳಿ, ನನಗೆ ಹೊಟ್ಟೆ ಹಸಿತಿದೆ, ಬೆಟ್ಟದ ಮೇಲೆ ತಿನ್ನೋ ಹಾಗಿಲ್ಲ" ಅಂದರು.

ಬೆಟ್ಟದ ಮೇಲಿನ ದೇವಾಲಯಗಳ ಬಾಗಿಲು ಬಂತು. ರಸಿಕಲಾಲ್‌ಭಾಯ್ ಅದರ ಕಲ್ಲು ಹಿಡಿದುಕೊಂಡು ನಿಂತರು. ಉಸಿರು ಹಿಂತಿರುಗಲು ಬಹಳ ಹೊತ್ತು ಹಿಡಿಯಿತು. ನಾನು ಕಾದೆ. ನಾಲ್ಕು ತಿಂಗಳು ಅಭ್ಯಾಸ ಮಾಡಿಟ್ಟ ಮಾತುಗಳು ಈಗ ಬರುತ್ತವೆ ಎಂದುಕೊಂಡೆ. ಅವರು ನನ್ನ ಮುಖ ನೋಡಿ ಹೇಳಿದ್ದು ಒಂದೇ ಮಾತು:

"ಅವ್ನು ಸೋಡಾ ಜಾಸ್ತಿ ಹಾಕ್ತಾನೆ!"

ಆಮೇಲೆ ನಾವಿಬ್ಬರೂ ನಕ್ಕೆವು. ಬಟ್ಟೆಯ ತುದಿಯಿಂದ ಬಾಯಿ ಮುಚ್ಚಿಕೊಳ್ಳಲು ನೋಡಿದೆ, ಆಗಲಿಲ್ಲ. ಅವರು ಕಲ್ಲಿಗೊರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದರ್ಶನಕ್ಕೆ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಉಳಿದ ಮಾತು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದೆಲ್ಲ ನನಗೆ ಮೊದಲೇ ಗೊತ್ತಿತ್ತು ಎಂದು ಅವರಿಗೆ ತಿಳಿಸಿ. ಇಳಿಯುವಾಗ ಇಬ್ಬರೂ ಪಕ್ಕಪಕ್ಕದಲ್ಲಿ ನಡೆದು ಬಂದೆವು.

ಸಂಜೆ ಗುರುಣೀಜಿಯವರ ಮುಂದೆ ಕೂತು ನನ್ನ ದೋಷ ಒಪ್ಪಿಕೊಂಡೆ. ಶತ್ರುಂಜಯದಂಥ ಬೆಟ್ಟದ ದಾರಿಯುದ್ದಕ್ಕೂ ಭೋಜನದ ವಿಕಥೆ ಆಡಿದೆ, ಪ್ರಾಯಶ್ಚಿತ್ತ ಕೊಡಿ ಎಂದೆ. ಏನೇನು ಆಡಿದೆ ಎಂದು ಕೇಳಿದರು. ಎಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. 

ಆಮೇಲೆ ಕೇಳಿದರು: "ಗಾಂಠಿಯಾ ಜೊತೆ ಈಗ್ಲೂ ಪಪ್ಪಾಯಿ ಸಂಭಾರೋನೇ ಕೊಡ್ತಾರಾ?"

"ಕೊಡ್ತಾರೆ" ಎಂದೆ.

"ಮೆಣಸಿನಕಾಯಿ ಕರಿದದ್ದು?"

"ಅದೂ ಕೊಡ್ತಾರೆ."

"ಹೂಂ" ಅಂದರು. ಆಮೇಲೆ, "ನಿನಗೆ ಒಂದು ಆಯಂಬಿಲ್" ಅಂದರು. ಅಂದರೆ ಎಣ್ಣೆ, ತುಪ್ಪ, ಮಸಾಲೆ ಇಲ್ಲದ ಸಪ್ಪೆ ಊಟ, ದಿನಕ್ಕೆ ಒಂದೇ ಹೊತ್ತು.

ಮರುದಿನ ವಿಹಾರದ ಮೊದಲ ಊರಿನಲ್ಲಿ ಭಿಕ್ಷೆ ಬಂದಾಗ ನನ್ನ ಪಾತ್ರೆಗೆ ಸಪ್ಪೆ ಅನ್ನ ಹಾಕಿಕೊಂಡೆ. ಗುರುಣೀಜಿಯವರೂ ತಮ್ಮ ಪಾತ್ರೆ ಮುಂದೆ ಚಾಚಿ, ತಮಗೂ ಅದನ್ನೇ ಹಾಕಲು ಹೇಳಿದರು. ನಾನು ಕಾರಣ ಕೇಳಲಿಲ್ಲ. ಇಬ್ಬರೂ ಎದುರುಬದುರು ಕೂತು ಉಂಡೆವು, ಹಸಿವು ಇನ್ನೂ ಸ್ವಲ್ಪ ಇರುವಾಗಲೇ ಎದ್ದೆವು.

ಸಾಧ್ವಿ ಹಿತದರ್ಶನಾಶ್ರೀ